ಉಜ್ಜನಪ್ಪನವರು ಎಂಜಿನ್ನಿಗೆ ಗಾಳಿ ಬಿಡಿಸಿದ್ದು

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇಪ್ಪತ್ತೆರಡು ವರ್ಷ ಮೋಟಾರ್ ಸೈಕಲ್ ರಿಪೇರಿ ಮಾಡಿದ ಉಜ್ಜನಪ್ಪನವರು ಹಣೆಗೆ ವಿಭೂತಿ ಧರಿಸದೆ ಸ್ಪ್ಯಾನರ್ ಹಿಡಿದವರಲ್ಲ. ಲಿಂಗಪೂಜೆಯಲ್ಲಿದ್ದ ಶ್ರದ್ಧೆಯೇ ಪಿಸ್ಟನ್ ಕೂರಿಸುವಾಗಲೂ ಇರುತ್ತಿತ್ತು. ಅಂಥವರ ಕೈಯನ್ನು ೧೯೯೮ರ ಬೇಸಿಗೆಯಲ್ಲಿ ಊರು ಅನುಮಾನಿಸಿತು.

ಶಿವಮೊಗ್ಗದ ವಿದ್ಯಾನಗರದಿಂದ ದಿನವೂ ಭದ್ರಾವತಿಯ ಶಾಲೆಗೆ ಬರುತ್ತಿದ್ದ ವೀರೇಂದ್ರ ಮೇಷ್ಟ್ರು ಇವರಲ್ಲಿ ತಮ್ಮ ಗಾಡಿಗೆ ಹೊಸ ಪಿಸ್ಟನ್ ಹಾಕಿಸಿಕೊಂಡಿದ್ದರು. ಹದಿನೈದೇ ದಿನಕ್ಕೆ, ದಾರಿಯಲ್ಲಿ ಸಿಗುವ ಮಲವಗೊಪ್ಪದ ಬಳಿ, ನಡುಹಗಲಿನಲ್ಲಿ ಎಂಜಿನ್ ಜಾಮ್ ಆಗಿ ಗಾಡಿ ಮತ್ತೆ ಅಂಗಡಿ ಸೇರಿತು. ಮೇಷ್ಟ್ರ ತಾಯಿ ಸುವರ್ಣಮ್ಮನವರು ಅಂಗಡಿಗೇ ಬಂದು ಹತ್ತು ಜನರೆದುರು ಅಂದುಬಿಟ್ಟರು:

“ನಿನ್ನ ಕೈ ಕೆಟ್ಟಿದೆ, ಉಜ್ಜನಪ್ಪ.”

“ನನ್ನ ಕೈ ಚೆನ್ನಾಗೇ ಇದೆ ಅಮ್ಮ. ಕೆಟ್ಟಿರೋದು ಈ ಮರೆ.”

ಗಾಡಿಯ ಹ್ಯಾಂಡಲಿನ ಮುಂದೆ ವಿಂಡ್‌ಶೀಲ್ಡ್ ಇತ್ತು. ಅದರ ಕೆಳಗೆ, ಮಳೆಗಾಲದ ಕೆಸರು ಕಾಲಿಗೆ ಸಿಡಿಯದಿರಲೆಂದು, ಲೆಗ್‌ಗಾರ್ಡಿನ ಅಗಲಕ್ಕೂ ಫೈಬರ್ ಮರೆ ಹಾಕಿಸಿದ್ದರು. ಮಳೆ ನಿಂತ ಮೇಲೆ ಬಿಚ್ಚಬೇಕಾದದ್ದು. ಆದರೆ ಆಯುಧಪೂಜೆಗೆ ಅದರ ಮೇಲೆ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದು ಬರೆಸಿದ್ದರಿಂದ ಬಿಚ್ಚುವ ಧೈರ್ಯ ಯಾರಿಗೂ ಬಂದಿರಲಿಲ್ಲ.

“ದೇವರ ಹೆಸರನ್ನ ಕೀಳಿಸ್ತೀಯಾ? ವಿಭೂತಿ ಹಚ್ಕೊಂಡು ಆಡೋ ಮಾತಾ ಇದು?”

“ಮೇಲಿನ ಗಾಜು ಇರ್ಲಿ, ಅದು ನಿಮ್ಮ ಮಗನ ಎದೆ ಕಾಯುತ್ತೆ. ಕೆಳಗಿಂದು ಎಂಜಿನ್ ಮೂಗಿಗೆ ಬಟ್ಟೆ ತುರುಕಿದ ಹಾಗೆ. ಇದಕ್ಕೆ ನೀರಿಲ್ಲ, ಫ್ಯಾನಿಲ್ಲ. ಓಡುವಾಗ ಬಡಿಯೋ ಗಾಳಿಯೊಂದೇ ತಂಪು.”

“ಮಳೆಗಾಲದಲ್ಲಿ ಏನೂ ಆಗ್ಲಿಲ್ವಲ್ಲ?”

“ಆಗ ಗಾಳೀನೇ ತಣ್ಣಗಿತ್ತು, ಹೇಗೋ ತಡ್ಕೊಳ್ತು. ಈಗ ಬರೋ ಚೂರು ಗಾಳೀನೂ ಬಿಸಿ. ಹೊಸ ಪಿಸ್ಟನ್ ಬೇರೆ ಬಿಗಿ, ಕಾದ್ರೆ ಉಬ್ಬಿ ಕಚ್ಕೊಳ್ಳುತ್ತೆ.”

ಸುವರ್ಣಮ್ಮನವರು ಒಪ್ಪಲಿಲ್ಲ. ಅವರ ಮಾತು ಹರಡಿ ಅಂಗಡಿಗೆ ಬರುವ ಗಾಡಿಗಳು ಕಡಿಮೆಯಾದವು. ತಪ್ಪಾಯಿತೆಂದು ಒಂದು ಮಾತು ಹೇಳಿ ಮುಗಿಸಿರೆಂದು ಮಠದ ಹಿರಿಯರು ಬುದ್ಧಿ ಹೇಳಿದರು.

“ಮಾಡದ ತಪ್ಪು ಒಪ್ಕೊಂಡ್ರೆ, ನಾಳೆ ಬೆಳಿಗ್ಗೆ ಲಿಂಗದ ಮುಂದೆ ಯಾವ ಮುಖ ಇಟ್ಕೊಂಡು ಕೂರ್ಲಿ ಬುದ್ಧಿ?” ಎಂದರು ಉಜ್ಜನಪ್ಪನವರು.

ಮತ್ತೊಂದು ಪಿಸ್ಟನ್ ತಾವೇ ತಂದು ಕೂರಿಸಿದರು. ಗಾಡಿಯನ್ನು ಮಾತ್ರ ಕೊಡಲಿಲ್ಲ. “ಸೋಮವಾರ ಮಧ್ಯಾಹ್ನ ಅಮ್ಮಾರೇ ಬರ್ಲಿ. ಕಣ್ಣಾರೆ ನೋಡಿ ಆಮೇಲೆ ಬೈಲಿ” ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದರು.

ಸೋಮವಾರ ಸುವರ್ಣಮ್ಮನವರು ಬಂದು ಆಟೋದಲ್ಲಿ ಬಿಗುಮಾನದಿಂದ ಕುಳಿತರು. ಉಜ್ಜನಪ್ಪನವರ ಪತ್ನಿ ಮಹಾಂತಮ್ಮ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿಯಿಂದ ಉದ್ದನೆಯ ಎಳೆಗಳನ್ನು ಹೊಸೆದುಕೊಟ್ಟರು. ಅವನ್ನು ಎಂಜಿನ್ನಿನ ಮುಂದಿನ ಕಬ್ಬಿಣದ ಪೈಪಿಗೆ ಕಟ್ಟಿ ಉಜ್ಜನಪ್ಪನವರು ಗಾಡಿ ಹತ್ತಿದರು. ಮೇಷ್ಟ್ರನ್ನೂ ತಾಯಿಯನ್ನೂ ಹೊತ್ತ ಆಟೋ ಪಕ್ಕದಲ್ಲೇ ಓಡಿತು. ಮಲವಗೊಪ್ಪದವರೆಗೂ ಮರೆಯ ಹಿಂದೆ ಆ ಎಳೆಗಳು ಜೋತುಬಿದ್ದೇ ಇದ್ದವು.

ಅಲ್ಲಿ ಹೊಂಗೆಮರದ ಕೆಳಗೆ ನಿಲ್ಲಿಸಿ ಅವರು ನಾಲ್ಕು ಸ್ಕ್ರೂ ಬಿಚ್ಚಿದರು. ಹೆಗಲ ವಸ್ತ್ರದಿಂದ ಮರೆಯ ಧೂಳೊರೆಸಿ, ಎರಡೂ ಕೈಯಲ್ಲಿ ಹಿಡಿದು, ಸುವರ್ಣಮ್ಮನವರ ಮಡಿಲಿಗಿಟ್ಟರು.

“ದೇವರು ನಿಮ್ಮ ಹತ್ರ ಇರ್ಲಿ ಅಮ್ಮ. ಈಗ ನೋಡಿ.”

ಮರಳುವ ದಾರಿಯಲ್ಲಿ ಒಂದೊಂದು ಎಳೆಯೂ ನೆಟ್ಟಗೆ ಎದ್ದು ಎಂಜಿನ್ನಿನತ್ತ ಹಾರಾಡಿತು. ಬಂಧುಗಳೇ, ದೇವರೇ ಬೀಸುವ ಗಾಳಿಗೆ ನಾವು ದೇವರ ಹೆಸರನ್ನೇ ಅಡ್ಡ ಹಿಡಿದಿದ್ದೆವು!

“ದೇವರನ್ನ ಮಡಿಲಲ್ಲಿ ಕೂರ್ಸಿ ನನ್ನ ಬಾಯಿ ಮುಚ್ಚಿಸ್ದೆಯಲ್ಲ ಮಾರಾಯ!” ಎಂದು ಸುವರ್ಣಮ್ಮನವರು ಆಟೋದೊಳಗಿನಿಂದಲೇ ಕೂಗಿದರು. ಅಂಗಡಿಯ ಮುಂದೆ ಇಳಿದು, ಅಂದು ನಿಂತಿದ್ದ ಜಾಗದಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ನುಡಿದರು: “ಇವನ ಕೈ ಚೆನ್ನಾಗಿದೆ. ಕೆಟ್ಟಿದ್ದು ನನ್ನ ನಾಲಿಗೆ.”

ಉಜ್ಜನಪ್ಪನವರು ಹಿಗ್ಗಲಿಲ್ಲ. ಸ್ಕ್ರೂಡ್ರೈವರ್ ಎತ್ತಿ ಹಿಡಿದು ಸುತ್ತ ನಿಂತವರನ್ನು ದಿಟ್ಟಿಸಿದರು. “ಇನ್ಯಾರ ಗಾಡೀಲಿದೆ ಈ ಮರೆ? ತಳ್ಕೊಂಡು ಬನ್ನಿ!”

ಸಂಜೆಯೊಳಗೆ ಏಳು ಮರೆಗಳು ಅಂಗಡಿಯ ಗೋಡೆಗೆ ಸಾಲಾಗಿ ಒರಗಿದ್ದವು, ಏಳರ ಮೇಲೂ ದೇವರ ಹೆಸರು. ಕೈಕಾಲು ತೊಳೆದು ಬಂದು ಉಜ್ಜನಪ್ಪನವರು ಏಳಕ್ಕೂ ಊದುಬತ್ತಿ ಬೆಳಗಿದರು.