ಕಲ್ಲು ಬಿಡುವ ಪದ ಕೊಡಲಿಕ್ಕೆ ಅಣ್ಣಿಗೇರಿಗೆ ಹೋಗಿದ್ದು

ಆಗ ನನಗೆ ಎಪ್ಪತ್ತೊಂದು ವರ್ಷ. ಎರಡು ವರ್ಷದ ಹಿಂದಿನ ಮಾತು. ಮೊರಬದಿಂದ ಅಣ್ಣಿಗೇರಿಗೆ ಹೋಗಿ ಬಂದದ್ದನ್ನು ಬರಿ ಅಂತ ಬಾಜೂ ಮನಿ ರೇಣುಕಾ ನೋಟುಬುಕ್ಕು ಕೊಟ್ಟಾಳ. ನಾನು ಕಲಿತದ್ದು ಎರಡನೇ ಇಯತ್ತೆ. ಇದ್ದದ್ದು ಇದ್ದಂಗ ಬರೀತೀನಿ.

ಅಣ್ಣಿಗೇರಿ ಹುಡುಗರದೊಂದು ಬ್ಯಾಂಡ್ ಇತ್ತು, ಕರಿಎರಿ ಅಂತ. ಗಿಟಾರು, ಡ್ರಮ್ಮು, ಎದಿ ನಡಗೂ ಹಂಗ ಸಪ್ಪಳ. ಅದಕ್ಕೂ ಹತ್ತು ವರ್ಷ ಮೊದಲು ಅದರ ಹಾಡುಗಾರ ಈರಣ್ಣ ನನ್ನ ಕಟ್ಟಿ ಮ್ಯಾಲೆ ಕುಂತು, ಬೀಸುವಾಗಿನ ಪದಗಳನ್ನು ಮೊಬೈಲಿನಾಗ ತುಂಬಿಕೊಂಡು ಹೋಗಿದ್ದ. ಕೇಳಿದಷ್ಟೂ ಕೊಟ್ಟೆ. ಕಲ್ಲು ಬಿಡುವ ಪದ ಒಂದು ಕೊಡಲಿಲ್ಲ. ಬುಟ್ಟಿಯಾಗಿನ ಕಾಳು ಪೂರಾ ಮುಗಿದ ಮೇಲೆ, ಬೀಸುಕಲ್ಲಿನ ಗೂಟದಿಂದ ಕೈ ತೆಗೆಯುವಾಗ ಅದನ್ನು ಹೇಳಬೇಕು. ಹೇಳಿ ಮತ್ತ ಬೀಸಿದರೆ ಆ ಹಿಟ್ಟಿಗೆ ಬರಕತ್ತಿಲ್ಲ, ಎಷ್ಟಿದ್ದರೂ ಸಾಲೂದಿಲ್ಲ. ನಮ್ಮತ್ತಿ ಹಂಗ ಕಲಿಸಿದ್ದಳು. "ನಿಂದು ಪೂರಾ ಮುಗಿದಾಗ ಕೇಳು, ಕೊಡ್ತೀನಿ" ಅಂದಿದ್ದೆ.

ಎರಡು ವರ್ಷದ ಹಿಂದೆ ಈರಣ್ಣ ರೇಣುಕಾಗ ಫೋನ್ ಮಾಡಿದ್ದ. ಇದು ಕಡೀ ಕಾರ್ಯಕ್ರಮ, ಆಯೀನ್ನ, ಅಂದರ ನನ್ನ, ಕರಕೊಂಡು ಬಾ ಅಂತ.

ನಾನು ನಂಬಲಿಲ್ಲ. ನಾಟಕ ಕಂಪನಿಯವರು "ಇಂದೇ ಕಡೀ ಆಟ" ಅಂತ ಸಾರಿಕೋತ ಒಂದು ತಿಂಗಳು ಆಡಿದ್ದನ್ನು ಕಂಡಾಕಿ ನಾನು. ಹೋಗಿ ನೋಡಬೇಕು, ಸುಳ್ಳಿದ್ದರೆ ಬಾಯಿ ಮುಚ್ಚಿಕೊಂಡು ಬರಬೇಕು ಅಂತ ರೇಣುಕಾನ ಜೋಡಿ ಹೊರಟೆ.

ಮುಂಜಾನೆ ಹತ್ತರ ಬಸ್ಸು ಹನ್ನೊಂದಕ್ಕ ಬಂತು. ಆಧಾರ್ ಕಾರ್ಡು ತೋರಿಸಿದೆ, ಟಿಕೀಟು ಪುಕಟ. "ಎಲ್ಲಿಗ್ರಿ ಆಯೀ?" ಅಂದ ಕಂಡಕ್ಟರ. "ಡ್ರಮ್ಮು ಕೇಳಾಕ" ಅಂದೆ. ತಲಿ ಕೆಟ್ಟೈತಿ ಅಂದುಕೊಂಡಿರಬೇಕು, ಮುಂದಿನ ಸೀಟಿಗೆ ಸರಿದ. ನವಲಗುಂದ ಸ್ಟ್ಯಾಂಡಿನಾಗ ಗಿರಮಿಟ್ಟು ತಿಂದೆವು. ಚಲೋ ಇತ್ತು. ಮಿರ್ಚಿ ನಿನ್ನಿದು.

ಅಲ್ಲಿಂದ ಅಣ್ಣಿಗೇರಿ ಬಸ್ಸಿನ ತುಂಬ ಕರೀ ಅಂಗಿಯವರು. ನನ್ನ ಬಾಜೂಕ ಕುಂತವ ಟ್ರ್ಯಾಕ್ಟರ್ ರಿಪೇರಿ ಮಾಡೂ ಮಾಬುಸಾಬ. ಐವತ್ತರ ಸನೇಕ ಬಂದಾನ, ಎದಿ ಮ್ಯಾಲೆ ಬ್ಯಾಂಡಿನ ಹೆಸರು.

"ಕಣ್ಣೀರು ಹಾಕಬ್ಯಾಡ್ರಿ ಅಕ್ಕಾರ, ಎರಡು ವರ್ಷ ಬಿಟ್ಟು ಮತ್ತ ಬರ್ತಾರ. ಬ್ಯಾಂಡಿನವರೆಲ್ಲಾ ಹಂಗ" ಅಂದ, ಕಣ್ಣು ಒರಸಿಕೋತ ಕುಂತಿದ್ದ ರೇಣುಕಾಗ.

"ನಿಮ್ಮ ಬಾಯಿಗೆ ಸಕ್ಕರಿ ಹಾಕ್ಲಿ" ಅಂದಳು ಆಕಿ.

"ಸಕ್ಕರಿ ಅಲ್ಲ, ಮಣ್ಣು" ಅಂದೆ. ಮತ್ತ ಬರೂದಿದ್ದರೆ ನಾನು ಪದ ಹ್ಯಾಂಗ ಕೊಡಲಿ?

ಕಾರ್ಯಕ್ರಮ ಕಾಳಿನ ಪ್ಯಾಟಿ ಅಂಗಳದಾಗ, ನಾಕು ಗಂಟೇಕ. ಬಿಸಲು ಚುರು ಚುರು, ಮೆಣಸಿನಕಾಯಿ ಘಾಟು, ಜನರೆಲ್ಲಾ ಸೀನುವವರೇ. ರೇಣುಕಾ ನನ್ನನ್ನು ಪರದೆಯ ಹಿಂದಕ್ಕ ಕರಕೊಂಡು ಹೋದಳು. ಈರಣ್ಣ ಕಾಲಿಗೆ ಬಿದ್ದ. ಗಡ್ಡ ಬೆಳ್ಳಗಾಗಿತ್ತು.

"ಕಾಲು ಬಿಡು. ಯಾಕ ನಿಲ್ಲಸ್ತಿ, ಅದನ್ನ ಹೇಳು" ಅಂದೆ.

"ಎಡಗಿವಿ ಹೋಗೈತಿ ಆಯೀ. ಈ ಸಪ್ಪಳದಾಗ ಇದ್ರ ಬಲಗಿವೀನೂ ಹೋಕ್ಕೈತಿ ಅಂದಾರ ಡಾಕ್ಟರು."

ಕಿವಿ ಹೋಗೈತಿ ಅಂತ ಯಾರು ಬೇಕಾದರೂ ಅನ್ನಬಹುದು. ಅವನು ಬಲಗಿವಿಗೆ ಒತ್ತಿ ಫೋನ್ ಹಚ್ಚಿಕೊಂಡಾಗ ನಾನು ಎಡಕ್ಕ ಸರಿದು ಮೆಲ್ಲಕ ಅಂದೆ: "ಲೇ ಕತ್ತೆ, ನಿನ್ನ ಗಡ್ಡಕ್ಕ ಬೆಂಕಿ ಹತ್ತೈತಿ ನೋಡು." ಬಾಜೂಕ ನಿಂತಿದ್ದ ಡ್ರಮ್ಮಿನವ ಕಿಸಕ್ಕನೆ ನಕ್ಕ. ಈರಣ್ಣನ ಹುಬ್ಬು ಸುದ್ದಾ ಅಲುಗಲಿಲ್ಲ. ಮತ್ತೊಂದು ಅಂದೆ, ಅದನ್ನು ಇಲ್ಲಿ ಬರಿಯುವಂಗಿಲ್ಲ. ಆಗ ಡ್ರಮ್ಮಿನವ ನಗೂದು ಬಿಟ್ಟು ತಲಿ ಕೆಳಗ ಹಾಕಿದ.

ಈರಣ್ಣನ ಬಲಗಿವಿಯಾಗ ಪದ ಕೊಟ್ಟೆ. ಮೂರು ಸಲ ಹೇಳಿಸಿ ನೋಡಿದೆ. "ಇದಾದ ಮ್ಯಾಲೆ ಮತ್ತೊಂದು ಹಾಡಿದ್ಯೋ, ಅಲ್ಲೇ ಏರಿ ಬಂದು ಕಾಲಾಗಿನ ಕೆರ ತಗೋತೀನಿ."

ಎರಡು ತಾಸು ಗದ್ದಲ. ನಾನು ಕಿವಿಯಾಗ ಹತ್ತಿ ಅರಳಿ ಇಟ್ಟುಕೊಂಡೆ. ಕಡೀಕ ಎಲ್ಲಾ ವಾದ್ಯ ನಿಲ್ಲಿಸಿ, ಬರೇ ಗಂಟಲಿಲೆ ಆ ಪದ ಹಾಡಿದ. ಅರಳಿ ತಗದೆ. ಒಂದಕ್ಷರ ತಪ್ಪಲಿಲ್ಲ. ಹಾಡಿ ಮುಗಿಸಿದ ಕೂಡಲೆ ಅಂಗಳಕ್ಕ ಅಂಗಳ ಎದ್ದು "ಒನ್ಸ್ ಮೋರ್, ಒನ್ಸ್ ಮೋರ್" ಅಂತ ಒದರಿತು. ಮಾಬುಸಾಬ ಎಲ್ಲರಕಿಂತ ಜೋರು. ಈಗ ಕೆಡಸ್ತಾನ ಅಂತ ನಾನು ಎದ್ದು ನಿಂತೆ, ಕೆರ ಕೈಯಾಗಿತ್ತು. ಈರಣ್ಣ ಎಡಗಿವಿ ಜನರ ಕಡೆ ಮಾಡಿದ. ಆಮೇಲೆ ಗಿಟಾರು ಪೆಟ್ಟಿಗೆಯಾಗಿಟ್ಟು, ಇಳಿದು ಹೋದ.

ಆರೂವರಿ ಬಸ್ಸಿನಾಗ ಕರೀ ಅಂಗಿಯವರು ಹೋಗುವಾಗಿನಂಗ ಇರಲಿಲ್ಲ.

"ಇಷ್ಟ ವರ್ಷ ಕೇಳೇನಿ, ಈ ಪದಾ ಕೇಳಿದ್ದಿಲ್ರಿ" ಅಂದ ಮಾಬುಸಾಬ. "ಮತ್ತ ಬರ್ತಾರ ಅನ್ನಾಕ ಈಗ ಬಾಯಿ ಬರವಲ್ದು."

ಒಬ್ಬ ಹುಡುಗಿ ಮೊಬೈಲಿನಾಗ ಹಿಡಿದದ್ದನ್ನು ಹಚ್ಚಾಕ ಹೋದಳು. ಆತ ಕೈ ಅಡ್ಡ ಹಿಡಿದ: "ಬ್ಯಾಡವಾ. ಇವತ್ತ ಬ್ಯಾಡ."

ರೇಣುಕಾ ನನ್ನ ಕಡೆ ಹೊಳ್ಳಿದಳು. "ನೀವು ಬೀಸೂದು ಬಿಟ್ರೆಲ್ಲಾ, ಆ ದಿನ ಈ ಪದಾ ಹೇಳಿದ್ರೇನ್ರಿ ಆಯೀ?"

ಹೇಳಿರಲಿಲ್ಲ. ಊರಿಗೆ ಗಿರಣಿ ಬಂದ ದಿನ ನನ್ನ ಗಂಡ ಬೀಸೂದು ಉಳಿದಿದ್ದ ಅರ್ಧ ಬುಟ್ಟಿ ಜೋಳ ಅಲ್ಲಿಗೆ ಎತ್ತಿಕೊಂಡು ಹೋದ. ನಾಳೆ ಬೀಸಿ ಮುಗಿಸಿದರಾಯಿತು ಅಂದುಕೊಂಡೆ. ಆ ನಾಳೆ ಬರಲಿಲ್ಲ. ರೇಣುಕಾಗ "ಸುಮ್ಮ ಕುಂಡ್ರು" ಅಂದೆ.

ಆ ಪದ ಇಲ್ಲಿ ಯಾಕ ಬರೀಲಿಲ್ಲ ಅಂತ ಕೇಳಬ್ಯಾಡ್ರಿ. ನಿಮ್ಮ ಕೆಲಸ ಮುಗಿದೈತೋ ಇಲ್ಲೋ ನನಗೇನು ಗೊತ್ತು.

ಮರುದಿನ ಮುಂಜಾನೆ, ಚಾ ಕುಡಿಯುವ ಮೊದಲೇ, ದನ ಮೇವು ತಿನ್ನೂ ಗ್ವಾದಲಿ ಬಾಜೂಕ ಬಿದ್ದಿದ್ದ ಬೀಸುಕಲ್ಲು ತೊಳೆದೆ. ಅರ್ಧ ಬುಟ್ಟಿ ಜೋಳ ತಂದು ಬೀಸಿದೆ. ರಟ್ಟಿ ನೋವು ಎಂಟು ದಿನ ಇತ್ತು. ಬುಟ್ಟಿ ಬೋರಲು ಹಾಕಿ ಬಡಿದೆ. ಒಂದು ಕಾಳು ಉದುರಿತು. ಅದನ್ನೂ ಹಾಕಿ ಬೀಸಿದೆ, ಆಮೇಲೆ ಪದ ಹೇಳಿ ಕೈ ತೆಗೆದೆ.