ಎಡಗೈ ಕಟ್ಟಿದವಳು

ನನ್ನ ಬಾಯಿ ಜೋರು, ಕೈ ಅದಕ್ಕಿಂತ ಜೋರು ಎಂದು ಚಿತ್ತಾಪುರದ ನಮ್ಮ ಓಣಿಗೆಲ್ಲ ಗೊತ್ತಿತ್ತು. ಅದೊಂದು ದೊಡ್ಡಸ್ತಿಕೆ ಎಂದುಕೊಂಡಿದ್ದೆ, ನನ್ನ ಬುದ್ಧಿಗೆ ಬೆಂಕಿ ಬೀಳ!

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಮಗಳು ಹುಟ್ಟಿದಳು. ಮೂರನೆಯ ದಿನ ಕೂಸಿನ ಬಲಗೈ, ಬಲಗಾಲು ಮಾತ್ರ ಪಟಪಟ ಮಿಡಿದವು, ಎಡಭಾಗ ಸುಮ್ಮನಿತ್ತು. ಅತ್ತೆ ಬಾಲಗ್ರಹವೆಂದು ದಾರ ಕಟ್ಟಿದರು. ಎರಡು ದಿನಕ್ಕೆ ಮಿಡಿತ ನಿಂತಿತು, ನಾವೂ ಮರೆತೆವು. ಆಮೇಲೆ ಅವಳು ಬಲಗೈಯ ಮುಷ್ಟಿಯನ್ನು ಬಿಚ್ಚುತ್ತಲೇ ಇರಲಿಲ್ಲ. "ಗಟ್ಟಿ ಹೆಣ್ಣದ, ಹಿಡಿದದ್ದು ಬಿಡಾಂಗಿಲ್ಲ," ಎಂದು ನೆರೆಯವರು ನಕ್ಕರೆ ನಾನೂ ನಕ್ಕೆ. ಆರು ತಿಂಗಳಿಗೇ ಗಿಲಕಿಯನ್ನು ಎಡಗೈಯಲ್ಲೇ ಹಿಡಿಯುತ್ತಿದ್ದಳು.

ಮೂರು ವರ್ಷ ತುಂಬಿದಾಗ ಕಾಳಗಿಯಲ್ಲೊಂದು ಮದುವೆಗೆ ಹೋದೆವು. ಪಂಕ್ತಿಯಲ್ಲಿ ಮಗಳು ಎಡಗೈಯಿಂದ ಹುಗ್ಗಿ ತಿನ್ನುವುದನ್ನು ಕಂಡು ನನ್ನ ನಾದಿನಿ ಎಲ್ಲರಿಗೂ ಕೇಳುವಂತೆ, "ಅಯ್ಯ, ಎಡಗೈಲೆ ಉಣ್ಣಾಕತ್ತದಲ್ಲ! ಅವ್ವ ಏನ್ ಕಲಿಸ್ಯಾಳ?" ಎಂದಳು. ಅಷ್ಟು ಜನರ ನಡುವೆ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನದಿಂದ ಊಟದ ಹೊತ್ತಿಗೆ ಹಳೇ ಸೀರೆಯ ಪಟ್ಟಿಯಿಂದ ಮಗಳ ಎಡಗೈಯನ್ನು ಸೊಂಟಕ್ಕೆ ಬಿಗಿಯತೊಡಗಿದೆ. ಮಡಚಿಕೊಂಡ ಬಲಗೈ ಬೆರಳುಗಳಿಂದ ರೊಟ್ಟಿ ಮುರಿಯಲಾಗದೆ ತುತ್ತು ನೆಲಕ್ಕೆ ಬೀಳುತ್ತಿತ್ತು. "ನಾಟಕ ಮಾಡಬ್ಯಾಡ!" ಎಂದು ಆ ಕೈಗೇ ಬಾರಿಸುತ್ತಿದ್ದೆ. ಗಂಡ, "ಸಣ್ಣದದ, ಬಿಡು," ಎಂದರೆ, "ನೀವು ಸುಮ್ ಕುಂದ್ರಿ. ನಾಳೆ ಮಂದಿ ಅನ್ನೋದು ನನಗ," ಎಂದೆ. ದಿನಾ ಮುಂಜಾನೆ ಎಡ ಅಂಗೈ ಮೇಲೆ ಲಿಂಗವಿಟ್ಟು ಪೂಜಿಸುವವಳು ನಾನೇ. ಮಗಳ ಎಡಗೈ ಮಾತ್ರ ನನಗೆ ಹೊಲಸಾಗಿ ಕಂಡಿತು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಮೂರು ತಿಂಗಳಾದ ಮೇಲೆ ಅವಳಿಗೆ ಕೆಮ್ಮು ಜೋರಾಯಿತೆಂದು ರೈಲಿನಲ್ಲಿ ವಾಡಿ ಊರಿನ ದವಾಖಾನೆಗೆ ಕರೆದೊಯ್ದೆ. ಅಲ್ಲಿನ ವಯಸ್ಸಾದ ಡಾಕ್ಟರು ಎದೆ ನೋಡಿ ಮುಗಿಸಿದವರು, ಅವಳ ಬಲ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದರು. ಬಿಟ್ಟ ಕೂಡಲೇ ಅದು ಮತ್ತೆ ಮುಚ್ಚಿತು.

"ಹುಟ್ಟಿದಾಗ ಏನರ ಆಗಿತ್ತೇನವ್ವ?"

ನಾನು ಮಿಡಿತದ ಸಂಗತಿ, ಬಾಲಗ್ರಹದ ದಾರ, ಆರು ತಿಂಗಳಿಗೇ ಎಡಗೈ ಮುಂದೆ ಮಾಡಿದ್ದು ಹೇಳಿದೆ.

"ಅದು ಗ್ರಹ ಅಲ್ಲ. ಲಕ್ವಾ ಹೊಡೆದಿರಬೇಕು."

"ಹಸಿಗೂಸಿಗೆ ಲಕ್ವಾ ಏನ್ರಿ? ಅದು ಮುದುಕರಿಗೆ ಬರೋದಲ್ರಿ!"

"ಕೂಸಿಗೂ ಬರ್ತದ. ಮಿದುಳಿಗೆ ಹೋಗೋ ರಕ್ತ ಒಂದು ಕಡೆ ಕಟ್ಟಿಕೊಂಡ್ರ, ಇನ್ನೊಂದು ಕಡೆ ಕೈಕಾಲು ಸೋಲ್ತಾವ. ವರ್ಷ ತುಂಬೋದ್ರೊಳಗ ಕೂಸು ಒಂದೇ ಕೈ ಮುಂದ ಮಾಡ್ತಂದ್ರ, ಅದು ಚಟ ಅಲ್ಲವ್ವ. ಇನ್ನೊಂದು ಕೈ ಬರಾಂಗಿಲ್ಲ ಅಂತ ತಿಳಕೋಬೇಕು. ಇದು ನಿಮ್ಮ ತಪ್ಪಲ್ಲ."

ಅಷ್ಟರಲ್ಲಿ ಅವರ ಕಣ್ಣು ಅವಳ ಎಡ ಮುಂಗೈಯ ಕೆಂಪು ಬರೆಯ ಮೇಲೆ ಬಿತ್ತು. "ಇದೇನಿದು?"

"ಕೈಬಳಿ ಬಿಗಿ ಆಗಿತ್ತ್ರಿ," ಎಂದೆ. ಇಡೀ ಓಣಿಗೆ ಉತ್ತರ ಕೊಡುತ್ತಿದ್ದ ನನಗೆ ಒಬ್ಬ ಡಾಕ್ಟರಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅವರು ದಿನಾ ಬಲಗೈಗೆ ಎಣ್ಣೆ ತಿಕ್ಕಿ ಬೆರಳು ಬಿಡಿಸಬೇಕು, ಆಟದ ನೆಪದಲ್ಲಿ ಸಣ್ಣ ಕೆಲಸ ಕೊಡಬೇಕು ಎಂದರು. ನಾನು ತಲೆ ಎತ್ತದೆ ಹೂಂ ಎಂದೆ.

ಮನೆಗೆ ಬಂದವಳೇ ಆ ಪಟ್ಟಿಯನ್ನು ಒಲೆಗೆ ಹಾಕಿದೆ. ಬಿಸಿ ಅನ್ನಕ್ಕೆ ಹಾಲು ಬೆಲ್ಲ ಕಲಸಿ ತಾಟನ್ನು ಮಗಳ ಮುಂದಿಟ್ಟು, "ಯಾವ ಕೈಲೆ ಬೇಕೋ ಆ ಕೈಲೆ ಉಣ್ಣು, ನನ್ನವ್ವ," ಎಂದೆ.

ಅವಳು ನನ್ನ ಮುಖ ನೋಡಿದಳು. ಎಡಗೈಯನ್ನು ತಾನೇ ಬೆನ್ನ ಹಿಂದೆ ಒಯ್ದು, ಬಗ್ಗಿ ತಾಟಿಗೆ ಬಾಯಿ ಹಚ್ಚಿದಳು.

"ಬಡೀಬ್ಯಾಡವ್ವ," ಎಂದಳು. "ನಾ ಕೈ ಹಚ್ಚಾಂಗಿಲ್ಲ."