ಸುಮತಿ ಮೇಡಂ ಹೋಗತಾಳೋ ಇಲ್ಲೋ?

ಬೆಟಗೇರಿಗೆ ಬಂದ ಮೊದಲ ಭಾನುವಾರ ನನಗೆ ಎಚ್ಚರವಾದದ್ದು ಜಗಳದ ಸದ್ದಿಗೆ. ಬಾಡಿಗೆ ಮನೆಯ ಬಾಗಿಲಿನಾಚೆ ಕಟ್ಟೆಯ ಮೇಲೆ ಕೂತ ಇಬ್ಬರು ಹೆಂಗಸರು, ಗುಂಡಪ್ಪ ಎಂಬ ಜವಾನನನ್ನು ಕೆಲಸದಿಂದ ತೆಗೆಯಬೇಕೋ ಬೇಡವೋ ಎಂದು ಏರುದನಿಯಲ್ಲಿ ವಾದಿಸುತ್ತಿದ್ದರು. ಸಾಹೇಬರು ರೆಕಾರ್ಡ್ ರೂಮಿನೊಳಗೆ ಇರುವಾಗಲೇ ಬೀಗ ಹಾಕಿಕೊಂಡು ಅವನು ಚಹಾ ಕುಡಿಯಲು ಹೋಗಿದ್ದನಂತೆ. ಮರುದಿನ ನಾನೂ ಗದಗಿನ ವಿಮಾ ಕಚೇರಿಗೆ ಹಾಜರಾಗಬೇಕಿತ್ತು. ಎಂಥ ಊರಿಗೆ ಬಂದು ಬಿದ್ದೆನಪ್ಪಾ ಎಂದುಕೊಳ್ಳುತ್ತ ಬಾಗಿಲು ತೆರೆದು, ಆ ಗುಂಡಪ್ಪ ಯಾವ ಆಫೀಸಿನವರು ಎಂದು ಕೇಳಿದೆ. ಇಬ್ಬರೂ ನನ್ನ ಮುಖ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಂಡಪ್ಪ ಟೀವಿಯವನು.

ಶನಿವಾರ ಸಂಜೆ ಬರುವ ಹಾಸ್ಯ ಧಾರಾವಾಹಿ ಅದು. ಯಾವುದೋ ಊರಿನ ನೀರಾವರಿ ಕಚೇರಿ, ನಿದ್ದೆಗಣ್ಣಿನ ಸಾಹೇಬ, ಜವಾನ ಗುಂಡಪ್ಪ, ದಕ್ಷಿಣದ ಕಡೆಯಿಂದ ವರ್ಗವಾಗಿ ಬಂದು ಪುಸ್ತಕದ ಕನ್ನಡ ಮಾತಾಡುವ ಸುಮತಿ ಮೇಡಂ. ಕುಂದಾಪುರದಲ್ಲಿ ನಾವೂ ಇಂಥದ್ದನ್ನು ನೋಡುತ್ತೇವೆ. ನಗುತ್ತೇವೆ, ಊಟಕ್ಕೆ ಏಳುತ್ತೇವೆ, ಅಲ್ಲಿಗೆ ಮುಗಿಯಿತು. ಇಲ್ಲಿ ಶನಿವಾರ ನೋಡುವುದು ಬರೀ ಪೀಠಿಕೆ. ನಿಜವಾದ ಆಟ ನಡೆಯುವುದು ಭಾನುವಾರ ಬೆಳಿಗ್ಗೆ, ಕಟ್ಟೆಯ ಮೇಲೆ. ನಮ್ಮ ಜಗಲಿಯ ಹಾಗೆ ಅದು ಮನೆಯವರ ಜಾಗವಲ್ಲ. ಬಾಗಿಲ ಹೊರಗೆ, ಅರ್ಧ ಬೀದಿಗೆ ಸೇರಿದ್ದು. ಹೋಗುವವರೂ ಬರುವವರೂ ನಿಂತು ಒಂದು ಮಾತು ಸೇರಿಸಿ ಹೋಗಬಹುದು.

ಆ ಇಬ್ಬರಲ್ಲಿ ದೊಡ್ಡವರು ಈರವ್ವ. ಅವರ ಮನೆಯಲ್ಲಿ ಇನ್ನೂ ಒಂದು ಕೈಮಗ್ಗ ನಡೆಯುತ್ತದೆ. ಮಗ ಸೀರೆ ನೇಯುತ್ತಾನೆ, ಇವರು ಕಂಡಿಕಿ ಸುತ್ತುತ್ತಾರೆ, ಎಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಇನ್ನೊಬ್ಬಳು ಹಸೀನಾ, ಎದುರು ಮನೆಯ ದರ್ಜಿ, ಲಕ್ಷ್ಮೇಶ್ವರದಿಂದ ಈ ಬೀದಿಗೆ ಸೊಸೆಯಾಗಿ ಬಂದವಳು. ಈರವ್ವ ಗುಂಡಪ್ಪನ ಪಕ್ಷ, ಹಸೀನಾ ಸಾಹೇಬರ ಪಕ್ಷ. ಸುಮತಿ ಮೇಡಂ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮತ: ಆಕೆಗೆ ಸೊಕ್ಕು.

ಮೊದಲ ತಿಂಗಳುಗಳು ಹೇಗೆ ಕಳೆದವೆಂದು ಕೇಳಬೇಡಿ. ಹಿತ್ತಿಲಿಗೊಂದು ಬಾವಿ ಇರುವ ನಮಗೆ ನೀರು ಎಂದರೆ ಬಗ್ಗಿ ಸೇದುವ ವಸ್ತು. ಇಲ್ಲಿ ನೀರು ಬರುವುದೇ ಒಂದು ಸುದ್ದಿ. ಈರವ್ವ ಬಾಗಿಲು ಬಡಿದು "ನೀರ ಬಂದಾವ್ರಿ ಮೇಡಂರ" ಎಂದರೆ ಬೀದಿಗೆ ಬೀದಿಯೇ ಕೊಡ ಹಿಡಿದು ಓಡುತ್ತದೆ. ಮೊದಲ ಸಲ ನಾನು ಒಂದು ಬಕೆಟ್ ತುಂಬಿಸಿ ತೃಪ್ತಿಯಿಂದ ನಲ್ಲಿ ನಿಲ್ಲಿಸಿದ್ದೆ. ಮೂರನೆಯ ದಿನ ಮುಖ ತೊಳೆಯಲೂ ನೀರಿರಲಿಲ್ಲ.

ಊಟದ ಕಥೆ ಇನ್ನೊಂದು. ಊರಿನಿಂದ ಕುಚ್ಚಲಕ್ಕಿ, ಒಣಮೀನು ಹೊತ್ತು ತಂದಿದ್ದೆ. ಆದರೆ ಮೀನು ಹುರಿಯುವಾಗ ಬಾಗಿಲು, ಕಿಟಕಿ ಎಲ್ಲ ಮುಚ್ಚುತ್ತಿದ್ದೆ. ಈರವ್ವನ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ನಡುವೆ ಇರುವುದು ಒಂದೇ ಗೋಡೆ. ಕರೆದು ಉಣ್ಣಿಸುವ ಜನರ ಬೀದಿಯಲ್ಲಿ ಬಾಗಿಲು ಮುಚ್ಚಿ ಉಣ್ಣುವವಳು ನಾನೊಬ್ಬಳೇ ಆಗಿದ್ದೆ. ಬರುವ ಮೊದಲೇ ಕುಂದಾಪುರಕ್ಕೆ ವರ್ಗ ಕೇಳಿಟ್ಟಿದ್ದೆ. ಅದು ಯಾವಾಗ ಬಂದೀತು ಎಂದು ಕಾಯುವುದೇ ನನ್ನ ಕೆಲಸವಾಗಿತ್ತು.

ಒಂದು ಭಾನುವಾರ ಈರವ್ವ ಸುಮತಿಯನ್ನು ಹಿಡಿದರು. "ಮಾತು ಎಷ್ಟ ಚಂದ ಆಡತಾಳ ನೋಡ್ರಿ. ಆದ್ರ ಉಣ್ಣೂ ಮುಂದ ಗೋಡಿ ಕಡೆ ಮಾರಿ ಮಾಡಿ ಕುಂಡ್ರತಾಳ." ಆ ವಾರದ ಕಂತಿನಲ್ಲಿ ಆಕೆ ಹಾಗೆ ಕೂತದ್ದು ನಿಜ. ಆದರೆ ನನಗೆ ಯಾಕೋ ಸಿಟ್ಟು ಬಂತು. ಡಬ್ಬಿಯಲ್ಲಿರುವುದು ಬೇರೆಯವರಿಗೆ ಸೇರದಿದ್ದರೆ ಎಂಬ ಅಂಜಿಕೆ ಇರಬಹುದಲ್ಲ, ಹೊಸ ಊರಿನಲ್ಲಿ ಯಾರಿಗೆ ಏನು ಎಂದು ಆಕೆಗೆ ಹೇಗೆ ಗೊತ್ತಾಗಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಈರವ್ವ ಕಂಡಿಕಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಅಂಜಿಕಿ ಅನ್ರಿ ಹಂಗಾರ. ನಾವು ಸೊಕ್ಕು ಅಂದ್ಕೊಂಡಿದ್ವಿ."

ಆ ಮಧ್ಯಾಹ್ನವೇ ಒಂದು ತಾಟು ಬಂತು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ. ತಾಟು ಕೊಟ್ಟು, ಬಾಗಿಲು ತೆಗೆದೇ ಇರಲಿ, ನಿನ್ನ ಅಡಿಗೆ ನೀನು ಉಣ್ಣು, ರೊಟ್ಟಿ ನಮ್ಮದು ಉಣ್ಣು ಎಂದರು ಈರವ್ವ. ಮೇಡಂರ ಎನ್ನುವುದು, ನೀವು ಎನ್ನುವುದು ಅವತ್ತಿಗೆ ಬಿಟ್ಟರು. ಅಂದಿನಿಂದ ನಾನು ತಂಗಿ. ಮರುದಿನ ಹಸೀನಾ ಬಂದು ಹುರಿದ ಒಣಮೀನು ಒಂದೆರಡು ಇದ್ದರೆ ಕೊಡಿ ಎಂದಳು. ವಾಸನೆ ಅವಳಿಗೆ ಎಂದೋ ತಿಳಿದಿತ್ತಂತೆ, ಕೇಳಲು ಸಂಕೋಚವಂತೆ.

ಇಲ್ಲಿಯ ರೀತಿ ನನಗೆ ಅರ್ಥವಾದದ್ದು ಆಗ. ಹೊಸಬರ ಮುಖಕ್ಕೆ ಯಾರೂ ಏನೂ ಹೇಳುವುದಿಲ್ಲ. ಸುಮತಿಗೆ ಹೇಳುತ್ತಾರೆ. ಸುಮತಿಗೆ ಬೈದ ದಿನ ನಾನು ನೆಟ್ಟಗಾಗಬೇಕು, ಹೊಗಳಿದ ದಿನ ಒಳಗೊಳಗೇ ಖುಷಿಪಡಬೇಕು. ನಾನೂ ಪಳಗಿದೆ. ಬಾಡಿಗೆ ಮನೆಯ ಸೋರುವ ಮೂಲೆಯಿಂದ ಹಿಡಿದು ಜ್ವರ ಬಂದಾಗಿನ ಒಂಟಿತನದವರೆಗೆ ಎಲ್ಲವನ್ನೂ ಆಕೆಯ ಹೆಸರಲ್ಲಿ ಹೇಳಿಕೊಂಡೆ, ಎಲ್ಲಕ್ಕೂ ಪರಿಹಾರ ಬಂತು. ಕೆಲಸದ ಮೇಲೆ ಮುಂಡರಗಿಗೋ ಶಿರಹಟ್ಟಿಗೋ ಹೋಗುವಾಗ ಬಸ್ಸಿನಲ್ಲಿ ಯಾರಾದರೂ ಗುಂಡಪ್ಪನ ಮಾತು ತೆಗೆದರೆ, ಪರಿಚಯವಿಲ್ಲದಿದ್ದರೂ ನಾನು ಬಾಯಿ ಹಾಕುತ್ತೇನೆ. ಊರಲ್ಲಿದ್ದಾಗ ನಾನು ಹಾಗಿರಲಿಲ್ಲ.

ಎರಡು ವರ್ಷವಾದ ಮೇಲೆ, ಹೋದ ತಿಂಗಳು, ಕೇಳಿದ ವರ್ಗ ಬಂತು. ಒಪ್ಪಿಕೊಂಡೆ. ಕುಂದಾಪುರದ ಅಕ್ಕ ದಿನಾ ಫೋನು ಮಾಡಿ "ನೀ ಯಾವತ್ತ್ ಬಪ್ಪುದ್?" ಎಂದು ಕೇಳುತ್ತಿದ್ದಳು. ಶನಿವಾರ ಹೊರಟು ಬರುತ್ತೇನೆ, ಸೋಮವಾರ ಅಲ್ಲಿಯ ಆಫೀಸಿಗೆ ಹಾಜರಾಗಬೇಕು ಎಂದೆ. ಭಾನುವಾರಕ್ಕೆ ಬಂಗುಡೆ ಸಾರು ಎಂದು ಅವಳು ಆಗಲೇ ತೀರ್ಮಾನಿಸಿದಳು. ಕಟ್ಟೆಯಲ್ಲಿ ಮಾತ್ರ ಹೇಳಲಾಗಲಿಲ್ಲ. ಪ್ರತಿದಿನ ನಾಳೆ ಹೇಳೋಣ ಎನ್ನುತ್ತಿದ್ದೆ.

ಕಳೆದ ಶನಿವಾರದ ಕಂತಿನಲ್ಲಿ ಸುಮತಿ ಮೇಡಂಗೂ ವರ್ಗವಾಯಿತು. ಆಕೆ ಆರ್ಡರನ್ನು ಮಡಚಿ ಚೀಲದೊಳಗೆ ಹಾಕಿ, ಯಾರಿಗೂ ಹೇಳದೆ ಗುಂಡಪ್ಪ ತಂದ ಚಹಾ ಕುಡಿದಳು. ಕಂತು ಅಲ್ಲಿಗೆ ನಿಂತಿತು. ನನಗೆ ನಗು ಬರಲಿಲ್ಲ.

ಭಾನುವಾರ ಹಸೀನಾ, ಆಕೆ ಹೋಗಿಯೇ ಹೋಗುತ್ತಾಳೆ, ತನ್ನ ಊರು ಯಾರಿಗೆ ಬೇಡ ಎಂದಳು. ಈರವ್ವ ತಲೆ ತಗ್ಗಿಸಿ ನೂಲು ಸುತ್ತುತ್ತಲೇ ಇದ್ದರು. ಹೋದರೆ ತಪ್ಪಾ ಎಂದು ನಾನು ಕೇಳಿದೆ.

"ತಪ್ಪೇನೈತಿ? ಆಕಿಗೂ ಒಂದು ಊರು ಐತಿ, ಹೋಗಲಿ" ಎಂದರು ಈರವ್ವ. "ಆದ್ರ ಚೀಲದಾಗ ಮುಚ್ಚಿ ಇಟ್ಟಾಳಲ್ಲ, ಅದು ನನ್ನ ಮನಸಿಗೆ ಬರಲಿಲ್ಲ. ಕೂಡಿ ಉಂಡಾವರಿಗೆ ಹೇಳಬೇಕು."

ಅಷ್ಟು ದಿನದಲ್ಲಿ ಮೊದಲ ಬಾರಿಗೆ ಸುಮತಿಯ ಹೆಸರಿಲ್ಲದೆ ಮಾತಾಡಿದೆ. ನನಗೆ ವರ್ಗವಾಗಿದೆ, ಬರುವ ಶನಿವಾರ ಹೋಗುತ್ತೇನೆ ಎಂದೆ. ಹೇಳುತ್ತ ಹೇಳುತ್ತ ಅಳು ಬಂತು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. "ಗೊತ್ತೈತ್ರಿ ಅಕ್ಕಾರ" ಎಂದಳು ಹಸೀನಾ. "ಮನಿ ಮಾಲಕರು ಹೇಳಿದ್ರು. ನೀವಾಗೇ ಹೇಳಲಿ ಅಂತ ಕಾಯಾಕತ್ತಿದ್ವಿ."

ಈರವ್ವ ಸೆರಗಿನಿಂದ ನನ್ನ ಮುಖ ಒರೆಸಿದರು. "ಶನಿವಾರ ಹೋಗಬ್ಯಾಡ ತಂಗಿ. ಆಕಿ ಹೋಗತಾಳೋ ಇಲ್ಲೋ ನೋಡಿ, ರವಿವಾರ ಇಲ್ಲೇ ಕುಂತು ಮಾತಾಡಿ, ಆಮ್ಯಾಲೆ ಹೋಗೂವಂತಿ."

ಕುಂದಾಪುರದಲ್ಲಿಯೂ ಟೀವಿ ಇದೆ. ಶನಿವಾರ ಅಲ್ಲಿಯೂ ಸುಮತಿ ಬರುತ್ತಾಳೆ. ಭಾನುವಾರ ಬೆಳಿಗ್ಗೆ ನಾನು ಯಾರ ಹತ್ತಿರ ಮಾತಾಡಲಿ? ಇಲ್ಲಿಗೆ ಬಂದಾಗ ಮೀನಿಗಾಗಿ, ಬಾವಿಗಾಗಿ, ನಮ್ಮ ಭಾಷೆಗಾಗಿ ಹಂಬಲಿಸಿದವಳು ನಾನೇ. ಅವೆಲ್ಲ ಮತ್ತೆ ಸಿಗುತ್ತವೆ ಎಂಬ ಸಂತೋಷ ಸುಳ್ಳಲ್ಲ. ಹೊರಡಲು ಮನಸ್ಸಿಲ್ಲ ಎಂಬುದೂ ಸುಳ್ಳಲ್ಲ.

ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟು ಮಾಡಿಸಿದೆ. ಇಳಿದವಳೇ ಆಫೀಸಿಗೆ ಓಡಬೇಕು. ಶನಿವಾರದ ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಎಂದು ಅಕ್ಕನಿಗೆ ಹೇಳಿದ್ದೇನೆ. ಇದನ್ನು ಓದಿದರೆ ಅವಳಿಗೂ ತಿಳಿಯುತ್ತದೆ, ತಿಳಿಯಲಿ: ಸೀಟು ಬೇಕಾದಷ್ಟಿದ್ದವು.